ಗಣಕಶಿಕ್ಷಣದ ಮೈಲಿಗಲ್ಲುಗಳು: ಪ್ರಾಧ್ಯಾಪಕ ವಿ. ರಾಜಾರಾಮನ್ನರ ವೃತ್ತಿಜೀವನವನ್ನು ಕುರಿತು ರಾಯಚೂರು ಸೀಮೆಯಿಂದ ಒಂದು ವಿಚಾರ

ನಮ್ಮ ನಾಡಿನಲ್ಲಿ ಗಣಕಯಂತ್ರದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಉದ್ಯಮಸಂಸ್ಥೆಗಳಿಂದ ಪ್ರಾರಂಭಿಸುತ್ತಾರೆ. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅದೇ ನಗರದಲ್ಲಿ ನೆಲೆಯೂರಿತು. ಅಲ್ಲಿಂದ ಮುಂದಿನದು ಎಲ್ಲರೂ ಬಲ್ಲ ಕಥೆ. ಈ ಕ್ರಮದಲ್ಲಿ ತಪ್ಪಿಲ್ಲ. ಆದರೆ ಇದರಲ್ಲಿ ಒಂದು ಕೊರತೆಯಿದೆ. ಆ ಸಂಸ್ಥೆಗಳ ಬಾಗಿಲು ತೆರೆದ ದಿನ ಒಳಗೆ ಹೋಗಿ ಕುಳಿತ ತರುಣರು ಎಲ್ಲಿ ಓದಿದ್ದರು, ಅವರಿಗೆ ಪಾಠ ಹೇಳಿದವರು ಯಾರು, ಆ ಪಾಠವನ್ನು ಪಾಠವೆಂದು ವಿಶ್ವವಿದ್ಯಾನಿಲಯಗಳು ಒಪ್ಪಿಕೊಂಡದ್ದು ಯಾವಾಗ ಎಂಬ ಪ್ರಶ್ನೆಗಳನ್ನು ಈ ಚರಿತ್ರೆ ಕೇಳುವುದಿಲ್ಲ. ಫಲವನ್ನು ಎಣಿಸಿ ಬಿತ್ತನೆಯನ್ನು ಮರೆಯುವ ಇತಿಹಾಸವಿದು.

ಪ್ರಕೃತ ಲೇಖನದಲ್ಲಿ ಆ ಬಿತ್ತನೆಯ ಕೆಲಸದಲ್ಲಿ ಅಗ್ರಗಣ್ಯರಾಗಿದ್ದ ಪ್ರಾಧ್ಯಾಪಕ ವೈದ್ಯೇಶ್ವರನ್ ರಾಜಾರಾಮನ್ನರ ವೃತ್ತಿಜೀವನದ ಮುಖ್ಯ ಘಟ್ಟಗಳನ್ನು ಪರಿಶೀಲಿಸಲಾಗಿದೆ. ಅವರು 1933ರ ಸೆಪ್ಟೆಂಬರ್ 8ರಂದು ತಮಿಳುನಾಡಿನ ಈರೋಡಿನಲ್ಲಿ ಜನಿಸಿದರು. 2025ರ ನವೆಂಬರ್ 8ರಂದು ಬೆಂಗಳೂರಿನಲ್ಲಿ ಕಾಲವಾದರು. ಹುಟ್ಟಿನಿಂದ ಕನ್ನಡಿಗರಲ್ಲದಿದ್ದರೂ ಅವರ ವಿದ್ಯೆಯ ಮೊದಲ ಘಟ್ಟವೂ ವೃತ್ತಿಯ ಕೊನೆಯ ದೀರ್ಘಘಟ್ಟವೂ ಕರ್ನಾಟಕದಲ್ಲಿಯೇ ಕಳೆದುವು. ಇವರನ್ನು ಕುರಿತು ಬೆಂಗಳೂರಿನ ದೃಷ್ಟಿಯಿಂದ ಬರೆಯುವುದು ಸುಲಭ. ನಾವು ಇಲ್ಲಿ ಬೇರೊಂದು ದೃಷ್ಟಿಯನ್ನು ಹಿಡಿದಿದ್ದೇವೆ. ಕೃಷ್ಣಾ-ತುಂಗಭದ್ರೆಗಳ ನಡುವಣ ದೋಆಬಿನಲ್ಲಿ, ದೇವದುರ್ಗದ ಸೀಮೆಗೆ ಸೇರಿದ ಅರಕೇರಾದಂತಹ ಊರಿನಲ್ಲಿ ನಿಂತು ನೋಡಿದರೆ, ಉನ್ನತ ಶಿಕ್ಷಣದ ಧುರೀಣರೊಬ್ಬರ ಜೀವನದಲ್ಲಿ ಯಾವುದು ಮೈಲಿಗಲ್ಲು, ಯಾವುದು ಬರಿಯ ಅಲಂಕಾರ ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೈಲಿಗಲ್ಲು ಎಂಬುದು ದಾರಿಹೋಕನಿಗಾಗಿ ನೆಟ್ಟ ಕಲ್ಲೇ ಹೊರತು ನೆಟ್ಟವನ ಕೀರ್ತಿಗಾಗಿ ಎತ್ತಿದ ವೀರಗಲ್ಲಲ್ಲ.

ಆದುದರಿಂದ ಮೊದಲು ಈ ಸೀಮೆಯ ವಿದ್ಯಾಮಾರ್ಗವನ್ನು ಕುರಿತು ಎರಡು ಮಾತು ಅವಶ್ಯ. 1948ರ ವರೆಗೆ ರಾಯಚೂರು ಜಿಲ್ಲೆ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ವಿಶ್ವವಿದ್ಯಾನಿಲಯವೆಂದರೆ 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಅದರ ಬೋಧನಭಾಷೆ ಉರ್ದು. ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಬೋಧಿಸಿದ ಆ ಪ್ರಯೋಗ ಸ್ವತಃ ಶ್ಲಾಘ್ಯವಾದದ್ದು. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಅದು ಎರಡನೆಯ ಹೊಸ್ತಿಲಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಕಡೆಗೆ ಮುಖಮಾಡಿದುವು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಗುಲಬರ್ಗಾ ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು 1980ರಲ್ಲಿ. ಈ ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ವಿದ್ಯಾರ್ಥಿಗಳಲ್ಲಿ ವಿನಂತಿ.

ರಾಜಾರಾಮನ್ನರು ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ 1952ರಲ್ಲಿ ಆನರ್ಸ್ ಪದವಿಯನ್ನು ಪಡೆದರು. ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1955ರಲ್ಲಿ ವಿದ್ಯುತ್ ಸಂಪರ್ಕ ಇಂಜಿನಿಯರಿಂಗಿನ ಡಿಪ್ಲೊಮಾವನ್ನೂ 1957ರಲ್ಲಿ ಅಸೋಸಿಯೇಟ್‌ಷಿಪ್ಪನ್ನೂ ಗಳಿಸಿದರು. ಆ ಕಾಲದಲ್ಲಿ ಭಾರತದಲ್ಲಿ ಅಂಕಿಗಳ ಮೇಲೆ ಕೆಲಸಮಾಡುವ ಗಣಕವೆಂದರೆ 1955ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇಂಗ್ಲೆಂಡಿನಿಂದ ತರಿಸಿಕೊಂಡ ಯಂತ್ರವೊಂದೇ. ಬೆಂಗಳೂರಿನಲ್ಲಿದ್ದದ್ದು ಮತ್ತೊಂದು ಜಾತಿಯದು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಸಂದರ್ಶಕರಾಗಿ ಬಂದಿದ್ದ ಪ್ರಾಧ್ಯಾಪಕ ವಿನ್ಸೆಂಟ್ ರೈಡೌಟರ ನೇತೃತ್ವದಲ್ಲಿ ಅಲ್ಲಿ ಒಂದು ಅನಲಾಗ್ ಗಣಕ ರೂಪುಗೊಂಡಿತ್ತು. ಇಂತಹ ಯಂತ್ರ ಅಂಕಿಗಳನ್ನು ಎಣಿಸುವುದಿಲ್ಲ; ಸಮೀಕರಣದಲ್ಲಿ ಬರುವ ರಾಶಿಗಳಿಗೆ ಬದಲಾಗಿ ವಿದ್ಯುತ್ತಿನ ಒತ್ತಡವನ್ನಿಟ್ಟು, ಅದು ಏರಿಳಿಯುವ ರೀತಿಯಿಂದಲೇ ಉತ್ತರವನ್ನು ತೋರಿಸುತ್ತದೆ. ಈ ಗಣಕಕ್ಕೆ ಬೇಕಾದ ಘಟಕಗಳನ್ನು ತರುಣ ರಾಜಾರಾಮನ್ನರು ಸ್ವತಃ ನಿರ್ಮಿಸಿದರು. ಗಣಕವನ್ನು ಪೆಟ್ಟಿಗೆಯಿಂದ ಬಿಚ್ಚಿ ಬಳಸುವ ಪದಾರ್ಥವೆಂದಲ್ಲದೆ, ಕಟ್ಟಿ ತಿಳಿಯಬಹುದಾದ ವಸ್ತುವೆಂದು ಅವರು ಮೊದಲು ಕಂಡದ್ದು ಹೀಗೆ.

ಅಮೆರಿಕದ ವ್ಯಾಸಂಗವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಭಾರತ ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಹೋದ ಅವರು 1959ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಸ್ನಾತಕೋತ್ತರ ಪದವಿಯನ್ನೂ 1961ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದು, ಅಲ್ಲಿಯೇ ಸ್ವಲ್ಪ ಕಾಲ ಅಧ್ಯಾಪಕರಾಗಿದ್ದರು. ಆ ಹುದ್ದೆಯಲ್ಲಿ ಮುಂದುವರಿದಿದ್ದರೆ ಅವರ ಜೀವನ ಈ ಲೇಖನಕ್ಕೆ ವಿಷಯವಾಗುತ್ತಿರಲಿಲ್ಲ.

ಅವರು ಹಿಂದಿರುಗಿ ಬಂದದ್ದು ಕಾನ್ಪುರಕ್ಕೆ. ಅಲ್ಲಿಯ ಭಾರತೀಯ ತಾಂತ್ರಿಕ ಸಂಸ್ಥೆ ಆಗ ಇನ್ನೂ ಹಸುಗೂಸು. 1962ರಿಂದ 1972ರ ವರೆಗೆ ಅಮೆರಿಕದ ಒಂಬತ್ತು ವಿಶ್ವವಿದ್ಯಾನಿಲಯ-ಸಂಸ್ಥೆಗಳ ಕೂಟವೊಂದು ಅದಕ್ಕೆ ಯಂತ್ರಗಳನ್ನೂ ಗ್ರಂಥಗಳನ್ನೂ ಸಂದರ್ಶಕ ಪ್ರಾಧ್ಯಾಪಕರನ್ನೂ ಒದಗಿಸಿತು. ಈ ಕೂಟದ ನೆರವಿನಿಂದ 1963ರ ಆಗಸ್ಟಿನಲ್ಲಿ ಐ.ಬಿ.ಎಂ. 1620 ಎಂಬ ಗಣಕಯಂತ್ರ ಕಾನ್ಪುರವನ್ನು ತಲಪಿತು. ಬರ್ಕ್ಲಿಯ ಹ್ಯಾರಿ ಹಸ್ಕಿ ಮೊದಲಾದವರು ಅದನ್ನು ನಡೆಸುವ ವಿಧಾನವನ್ನು ಕಲಿಸಲು ಬಂದರು. ರಾಜಾರಾಮನ್ನರೂ ಅದೇ ವರ್ಷ ಅಲ್ಲಿ ವಿದ್ಯುತ್ ಇಂಜಿನಿಯರಿಂಗ್ ವಿಭಾಗದ ಅಧ್ಯಾಪಕರಾದರು.

ಈ ಯಂತ್ರವನ್ನು ಕುರಿತು ಒಂದು ವಿನೋದದ ಸಂಗತಿಯುಂಟು. ಅದರ ಒಡಲಿನಲ್ಲಿ ಕೂಡುವ ಲೆಕ್ಕಕ್ಕೆ ಪ್ರತ್ಯೇಕವಾದ ವಿದ್ಯುನ್ಮಂಡಲವಿರಲಿಲ್ಲ. ಕೂಡುವ ಕೋಷ್ಟಕವನ್ನೂ ಗುಣಿಸುವ ಕೋಷ್ಟಕವನ್ನೂ ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಂಡು, ಪ್ರತಿಸಲವೂ ಅದನ್ನು ನೋಡಿ ಉತ್ತರ ಹೇಳುತ್ತಿತ್ತು. ಕೂಡಲೂ ಬಾರದ ಯಂತ್ರವೆಂದು ಅಮೆರಿಕನ್ನರು ಅದನ್ನು ಹಾಸ್ಯ ಮಾಡುತ್ತಿದ್ದರು. ನಮ್ಮ ಕೂಲಿಮಠದ ಭಾಷೆಯಲ್ಲಿ ಹೇಳುವುದಾದರೆ ಅದು ಮಗ್ಗಿಯನ್ನು ಬಾಯಿಪಾಠ ಮಾಡಿದ ಹುಡುಗನಂತಿತ್ತು. ಮಗ್ಗಿ ಅಳಿಸಿಹೋದರೆ ಲೆಕ್ಕವೂ ಇಲ್ಲ. ತೂತು ಹೊಡೆದ ಕಾರ್ಡುಗಳ ಮೂಲಕ ಅದಕ್ಕೆ ಆದೇಶವನ್ನು ಉಣಿಸಬೇಕಾಗಿತ್ತು. ಇಂದಿನ ವಿದ್ಯಾರ್ಥಿಯ ಅಂಗೈಯಲ್ಲಿರುವ ದೂರವಾಣಿಯ ಎದುರಿಗೆ ಅದು ಏನೇನೂ ಅಲ್ಲ. ಆದರೂ ಭಾರತದ ಗಣಕಶಿಕ್ಷಣ ಅದರಿಂದಲೇ ಮೊಳೆಯಿತು. ಇದಕ್ಕೆ ಕಾರಣ ಯಂತ್ರದ ಶಕ್ತಿಯಲ್ಲ, ಅದನ್ನು ಇಟ್ಟುಕೊಂಡ ರೀತಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ದಿನಗಳಲ್ಲಿ ಗಣಕವಿದ್ದ ಇತರ ಕಡೆಗಳಲ್ಲಿ ಅದು ಸಂಶೋಧನೆಯ ಸಲಕರಣೆಯಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1960ರಲ್ಲಿ ಟಿಫ್ರ್ಯಾಕ್ ಎಂಬ ಗಣಕವನ್ನು ಸ್ವಂತವಾಗಿಯೇ ನಿರ್ಮಿಸಿ ಪೂರೈಸಿತ್ತು. ಇದು ಮಹತ್ತಾದ ಸಾಧನೆ. ಆದರೆ ಅದು ವಿಜ್ಞಾನಿಗಳ ಯಂತ್ರ. ಕಾನ್ಪುರದವರು ಮಾಡಿದ್ದು ಬೇರೆ. ಗಣಕವನ್ನು ಅವರು ಬೋಧನೆಯ ಅಂಗವೆಂದು ಬಗೆದರು. ಇಂಜಿನಿಯರಿಂಗಿನ ಯಾವ ಶಾಖೆಯ ವಿದ್ಯಾರ್ಥಿಯೇ ಆಗಲಿ, ಯಂತ್ರಕ್ಕೆ ಆದೇಶ ಬರೆಯುವ ವಿದ್ಯೆಯನ್ನು ಕಲಿಯಲೇಬೇಕೆಂದು ವಿಧಿಸಿದರು. ಅಷ್ಟಕ್ಕೇ ನಿಲ್ಲದೆ, ಇತರ ವಿಶ್ವವಿದ್ಯಾನಿಲಯಗಳಿಂದಲೂ ಕೈಗಾರಿಕೆಗಳಿಂದಲೂ ಬಂದವರಿಗೆ ಅಲ್ಪಾವಧಿಯ ತೀವ್ರ ಶಿಕ್ಷಣವನ್ನು ಏರ್ಪಡಿಸಿದರು. ಹೀಗೆ ಬಂದವರು ಹಿಂದಿರುಗುವಾಗ ಯಂತ್ರವನ್ನು ಕೊಂಡೊಯ್ಯಲಾರರು, ಪಾಠವನ್ನು ಕೊಂಡೊಯ್ಯಬಲ್ಲರು. ರಾಜಾರಾಮನ್ನರ ವೃತ್ತಿಜೀವನದ ಮೊದಲ ಮೈಲಿಗಲ್ಲನ್ನು ನಾವು ಇಲ್ಲಿ ಗುರುತಿಸುತ್ತೇವೆ.

1965ರಲ್ಲಿ ಕಾನ್ಪುರದ ವಿದ್ಯುತ್ ಇಂಜಿನಿಯರಿಂಗ್ ವಿಭಾಗದಲ್ಲಿ ಗಣಕವಿಜ್ಞಾನವನ್ನು ಐಚ್ಛಿಕವಾಗಿ ಆರಿಸಿಕೊಳ್ಳಬಹುದಾದ ಸ್ನಾತಕೋತ್ತರ ತರಗತಿ ಪ್ರಾರಂಭವಾಯಿತು. ಭಾರತದಲ್ಲಿ ಈ ಶಾಸ್ತ್ರದ ಮೊದಲ ವಿಧ್ಯುಕ್ತ ವ್ಯಾಸಂಗಕ್ರಮವೆಂದು ಪರಿಗಣಿತವಾಗಿರುವುದು ಇದೇ. ಇದನ್ನು ರೂಪಿಸಿದವರಲ್ಲಿ ರಾಜಾರಾಮನ್ನರು ಪ್ರಮುಖರು. ಶಿಡ್ಲಘಟ್ಟದಲ್ಲಿ ಜನಿಸಿ ಮೈಸೂರಿನ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಕಾನ್ಪುರಕ್ಕೆ ಹೋದ ಎನ್. ಆರ್. ನಾರಾಯಣಮೂರ್ತಿಯವರು 1969ರಲ್ಲಿ ಅಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು ಹೊರಬಂದರು. ಅವರು ರಾಜಾರಾಮನ್ನರ ಶಿಷ್ಯರು. ಉದ್ಯಮಸಂಸ್ಥೆಯಿಂದ ಆರಂಭಿಸುವ ಚರಿತ್ರೆಕಾರರು ಮರೆಯುವ ಬಿತ್ತನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಶಿಷ್ಯನೊಬ್ಬನ ಕೀರ್ತಿಗಿಂತ ಹೆಚ್ಚು ದೂರ ಸಾಗಿದ್ದು ಒಂದು ಪುಸ್ತಕ. ತರಗತಿಯ ಪಾಠಗಳ ಅನುಭವದಿಂದ ಮೂಡಿದ ಅವರ ‘ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ 1969ರಲ್ಲಿ ಪ್ರಕಟವಾಯಿತು. ಆ ಕಾಲದ ವಿದೇಶೀ ಪಠ್ಯಗಳ ಬೆಲೆಯನ್ನು ಬಲ್ಲವರಿಗೆ, ಭಾರತದಲ್ಲಿಯೇ ಬರೆದು ಭಾರತದಲ್ಲಿಯೇ ಅಗ್ಗದ ಬೆಲೆಗೆ ಅಚ್ಚಾದ ಗಣಕಗ್ರಂಥದ ಅರ್ಥವನ್ನು ವಿವರಿಸಬೇಕಾಗಿಲ್ಲ. ಮುಂದೆ ಸಂಖ್ಯಾತ್ಮಕ ವಿಧಾನಗಳು, ಗಣಕದ ಮೂಲತತ್ತ್ವಗಳು, ಮಾಹಿತಿ ವ್ಯವಸ್ಥೆಗಳ ವಿಶ್ಲೇಷಣೆ ಮೊದಲಾದ ವಿಷಯಗಳನ್ನು ಕುರಿತು ಅವರು ಅನೇಕ ಪಠ್ಯಗಳನ್ನು ಬರೆದರು. ಫೋರ್ಟ್ರಾನ್ ಮೊದಲಾದ ಗಣಕಭಾಷೆಗಳಿಗೆ ಪ್ರತ್ಯೇಕ ಪುಸ್ತಕಗಳನ್ನು ರಚಿಸಿದರು. ಪ್ರಾರಂಭಿಕರಿಗಾಗಿ ಧರ್ಮಾ ರಾಜಾರಾಮನ್ನರೊಡನೆ ಕೂಡಿ ‘ಕಂಪ್ಯೂಟರ್ ಪ್ರೈಮರ್’ ಎಂಬ ಪುಸ್ತಕವನ್ನೂ ಬರೆದರು. ಈ ಗ್ರಂಥಗಳ ಶೈಲಿ ಸರಳ. ಒಂದು ಉದಾಹರಣೆಯನ್ನು ಹಿಡಿದು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಕ್ರಮ.

ಪಠ್ಯಪುಸ್ತಕ ಬರೆಯುವುದನ್ನು ನಮ್ಮ ವಿಶ್ವವಿದ್ಯಾನಿಲಯಗಳು ಎರಡನೆಯ ದರ್ಜೆಯ ಕೆಲಸವೆಂದು ಎಣಿಸುವ ವಾಡಿಕೆಯಿದೆ. ಸಂಶೋಧನಪ್ರಬಂಧಕ್ಕೆ ಸಲ್ಲುವ ಮರ್ಯಾದೆ ಪಠ್ಯಕ್ಕೆ ಸಲ್ಲದು. ರಾಯಚೂರಿನ ಕಡೆಯಿಂದ ನೋಡಿದರೆ ಈ ಎಣಿಕೆ ತಲೆಕೆಳಗಾದದ್ದು. ಯಂತ್ರವಿಲ್ಲದ ಊರಿನಲ್ಲಿ ಪುಸ್ತಕವೇ ಯಂತ್ರ. ಗಣಕವನ್ನು ಎಂದೂ ಮುಟ್ಟದೆ, ಕಾಗದದ ಮೇಲೆಯೇ ಕ್ರಮವಿಧಿಯನ್ನು ಬರೆದು, ಕಾಗದದ ಮೇಲೆಯೇ ಅದರ ಸರಿತಪ್ಪುಗಳನ್ನು ನೋಡಿಕೊಂಡು ಕಲಿತವರ ಒಂದು ಪೀಳಿಗೆಯೇ ನಮ್ಮ ದೇಶದಲ್ಲಿತ್ತು. ಅವರಿಗೆ ರಾಜಾರಾಮನ್ನರ ಗ್ರಂಥ ಗುರುವೂ ಹೌದು, ಪ್ರಯೋಗಶಾಲೆಯೂ ಹೌದು.

ಇದೇ ಕಾಲದಲ್ಲಿ ರಾಯಚೂರು ಜಿಲ್ಲೆ ತಂತ್ರವಿದ್ಯೆಯ ಒಂದು ದೊಡ್ಡ ಪ್ರಯೋಗಕ್ಕೆ ಅಂಗಳವಾಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ನೇರವಾಗಿ ಕಳುಹಿಸಲಾಯಿತು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆರಿಸಿದ ಜಿಲ್ಲೆಗಳು ವಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಬೇಸಾಯಗಾರರಿಗೂ ಗೃಹಿಣಿಯರಿಗೂ ಕಾರ್ಯಕ್ರಮ. ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ತರಬೇತಿ. ಬೆಂಗಳೂರಿನ ಮನೆಗಳಲ್ಲಿ ದೂರದರ್ಶನವಿಲ್ಲದ ಆ ದಿನಗಳಲ್ಲಿ ರಾಯಚೂರಿನ ಹಳ್ಳಿಗಳಲ್ಲಿ ಅದಿತ್ತು ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಇಲ್ಲಿಯ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ನಿರ್ಮಾಣಕೇಂದ್ರದಲ್ಲಿ ಎಂಬುದನ್ನೂ ಗಮನಿಸಬೇಕು. ರಾಜ್ಯ ಬದಲಾಗಿ ಇಪ್ಪತ್ತು ವರ್ಷ ಕಳೆಯುತ್ತ ಬಂದರೂ ವಿದ್ಯೆಯ ದಾರಿ ಹೈದರಾಬಾದನ್ನು ಹಾದೇ ಬರುತ್ತಿತ್ತು. ಒಂದು ವರ್ಷದ ಅವಧಿ ಮುಗಿಯಿತು. ಪರದೇಶದ ಉಪಗ್ರಹ ಬೇರೆಡೆಗೆ ಸರಿಯಿತು. ಆಕಾಶದಿಂದ ಬಂದದ್ದು ಆಕಾಶಕ್ಕೆ ಹೋಯಿತು. ತಂತ್ರವಿದ್ಯೆ ಒಂದು ಊರನ್ನು ಮುಟ್ಟುವುದು ಬೇರೆ, ಆ ಊರಿನಲ್ಲಿ ನಿಲ್ಲುವುದು ಬೇರೆ ಎಂಬ ವಿವೇಚನೆಗೆ ಈ ಪ್ರಯೋಗ ಒಳ್ಳೆಯ ಆಧಾರ. ನಿಲ್ಲಬೇಕಾದರೆ ಅದಕ್ಕೊಂದು ತರಗತಿ ಬೇಕು, ಪದವಿ ಬೇಕು, ಕಲಿಸುವವರು ಬೇಕು.

ಆ ಕಡೆ ಕಾನ್ಪುರದಲ್ಲಿ ನಡೆಯುತ್ತಿದ್ದುದು ಈ ಕೆಲಸವೇ. 1978ರಲ್ಲಿ ಅಲ್ಲಿ ಗಣಕವಿಜ್ಞಾನದ ಬಿ.ಟೆಕ್. ತರಗತಿ ಪ್ರಾರಂಭವಾಯಿತು, ಮೊದಲ ತಂಡದಲ್ಲಿ ಇಪ್ಪತ್ತು ವಿದ್ಯಾರ್ಥಿಗಳು. ಅದೇ ವರ್ಷ ಐ.ಬಿ.ಎಂ. ಕಂಪೆನಿ ಭಾರತದಿಂದ ಹೊರಟುಹೋಯಿತು. 1973ರ ವಿದೇಶೀ ವಿನಿಮಯ ಕಾನೂನಿನ ಪ್ರಕಾರ ತನ್ನ ಷೇರುಗಳ ಬಹುಪಾಲನ್ನು ಭಾರತೀಯರಿಗೆ ಬಿಟ್ಟುಕೊಡಲು ಅದು ಒಪ್ಪಲಿಲ್ಲ. ಯಂತ್ರ ಒದಗಿಸುತ್ತಿದ್ದವರು ಹೋದರು. ಯಂತ್ರವನ್ನು ಬಲ್ಲವರು ಇಲ್ಲಿಯೇ ಬೇಕಾದರು. ಇತ್ತ ಗಣಕ ಬಂದರೆ ಗುಮಾಸ್ತರ ಅನ್ನ ಹೋಗುತ್ತದೆಂದು ವಿಮಾ ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಕಾರ್ಮಿಕ ಸಂಘಗಳು ಪ್ರತಿಭಟಿಸುತ್ತಿದ್ದುವು. ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ; ವಿದ್ಯೆ ದೊರೆಯದವನಿಗೆ ಹೊಸ ಯಂತ್ರ ಶತ್ರುವಾಗಿ ಕಾಣುವುದು ಸಹಜ.

ಈ ಸಂದರ್ಭದಲ್ಲಿ ರಾಜಾರಾಮನ್ನರು 1979ರಿಂದ 1982ರ ವರೆಗೆ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಆಯೋಗದ ಸದಸ್ಯರಾಗಿದ್ದರು. ಗಣಕಕ್ಷೇತ್ರಕ್ಕೆ ಬೇಕಾದ ಜನಬಲವನ್ನು ಕುರಿತು ವಿಚಾರಮಾಡಿದ ಸಮಿತಿಯ ಅಧ್ಯಕ್ಷರಾಗಿ ಅವರು ಮಾಡಿದ ಸೂಚನೆಯೇ ಎಂ.ಸಿ.ಎ., ಅಂದರೆ ಮಾಸ್ಟರ್ ಆಫ್ ಕಂಪ್ಯೂಟರ್ ಅಪ್ಲಿಕೇಷನ್ಸ್ ಎಂಬ ಪದವಿ. ಅವರ ಜೀವನದಲ್ಲಿ ನಮ್ಮ ಸೀಮೆಗೆ ಅತ್ಯಂತ ಸಮೀಪವಾದ ಮೈಲಿಗಲ್ಲು ಇದು. ಆದುದರಿಂದ ಇದರ ಸ್ವರೂಪವನ್ನು ತುಸು ವಿಸ್ತಾರವಾಗಿ ನೋಡೋಣ.

ಇಂಜಿನಿಯರಿಂಗ್ ಕಾಲೇಜುಗಳು ಕೆಲವೇ ಇದ್ದುವು. ಅವುಗಳಲ್ಲಿ ಸ್ಥಾನ ಪಡೆಯುವುದು ಹಳ್ಳಿಯ ಹುಡುಗನಿಗೆ ಕಷ್ಟ. ಆದರೆ ಬಿ.ಎಸ್‌ಸಿ., ಬಿ.ಕಾಂ. ತರಗತಿಗಳು ಜಿಲ್ಲೆ-ತಾಲೂಕುಗಳಲ್ಲಿಯೂ ಇದ್ದುವು. ಗಣಿತವನ್ನು ಕೈಬಿಡದೆ ಇಂತಹ ಸಾಮಾನ್ಯ ಪದವಿಯನ್ನು ಪಡೆದವನಿಗೆ ಮೂರು ವರ್ಷ, ಅಂದರೆ ಆರು ಅರ್ಧವರ್ಷಗಳ ಶಿಕ್ಷಣವನ್ನು ಕೊಟ್ಟು, ಕೊನೆಯಲ್ಲಿ ಕಾರ್ಯಾನುಭವಕ್ಕಾಗಿ ಒಂದು ಯೋಜನೆಯನ್ನು ಮಾಡಿಸಿ, ಗಣಕದ ವೃತ್ತಿಗೆ ಸಿದ್ಧಗೊಳಿಸುವುದು ಈ ಪದವಿಯ ಉದ್ದೇಶ. ಇದನ್ನು ನಡೆಸಲು ಇಂಜಿನಿಯರಿಂಗ್ ವಿಭಾಗವಿರಲೇಬೇಕೆಂಬ ನಿಯಮವಿಲ್ಲ. ಸಾಮಾನ್ಯ ವಿಶ್ವವಿದ್ಯಾನಿಲಯವೂ ನಡೆಸಬಹುದು. ತಂತ್ರವಿದ್ಯೆಯ ಕೋಟೆಗೆ ಹೆಬ್ಬಾಗಿಲಲ್ಲದೆ ಮತ್ತೊಂದು ದಿಡ್ಡಿಬಾಗಿಲನ್ನು ಇಟ್ಟಂತಾಯಿತು. ಆ ಬಾಗಿಲಿನಿಂದ ಒಳಬಂದವರ ಸಂಖ್ಯೆ ಅಲ್ಪವಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಒಂದು ಪ್ರವೇಶಪರೀಕ್ಷೆಯಲ್ಲಿ ಹಿಂದೆ ಬಿದ್ದವನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ ಇನ್ನೊಂದು ಅವಕಾಶ ದೊರೆಯಿತು. ಈ ಪದವಿಯನ್ನು ಇಂಜಿನಿಯರಿಂಗಿಗಿಂತ ಕೆಳಗಿನದೆಂದು ಕಾಣುವವರು ಅದರ ಸಾಮಾಜಿಕ ಅರ್ಥವನ್ನು ಗ್ರಹಿಸಿಲ್ಲ ಎಂದೇ ಹೇಳಬೇಕಾಗುತ್ತದೆ. (2020ರಿಂದೀಚೆಗೆ ಇದರ ಅವಧಿ ಎರಡು ವರ್ಷಕ್ಕೆ ಇಳಿದಿದೆ. ಕಾಲವೂ ಹಣವೂ ಉಳಿಯುತ್ತದೆ, ನಿಜ. ಆದರೆ ಹಳ್ಳಿಯ ಕಾಲೇಜಿನಿಂದ ಬಂದವನಿಗೆ ಬುನಾದಿ ಹಾಕಿಕೊಳ್ಳಲು ಆ ಮೊದಲ ವರ್ಷ ಎಷ್ಟು ಉಪಯೋಗವಾಗುತ್ತಿತ್ತೆಂಬುದನ್ನು ಪಾಠ ಹೇಳಿದವರು ಬಲ್ಲರು.)

1982ರಲ್ಲಿ ರಾಜಾರಾಮನ್ನರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಹಿಂದಿರುಗಿದರು. 1994ರ ವರೆಗೆ ಅಲ್ಲಿಯ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಮುಖ್ಯಸ್ಥರಾಗಿದ್ದರು. ಈ ಅವಧಿಯಲ್ಲಿ ಒಂದು ರಾಷ್ಟ್ರೀಯ ಪ್ರಸಂಗ ಸೇರಿಕೊಂಡಿತು. ವಿಜ್ಞಾನ ಸಂಸ್ಥೆಗಾಗಿ ಬಯಸಿದ ಕ್ರೇ ಕಂಪೆನಿಯ ಮಹಾಗಣಕಕ್ಕೆ ಅಮೆರಿಕ ಸರ್ಕಾರದ ಅನುಮತಿ ದೊರೆಯಲಿಲ್ಲ. ಅದಕ್ಕಿಂತ ಕೆಳದರ್ಜೆಯ ಯಂತ್ರವೊಂದನ್ನು ಹವಾಮಾನದ ಮುನ್ಸೂಚನೆಗಾಗಿ ಮಾತ್ರ ದೆಹಲಿಗೆ ಕೊಡಲಾಯಿತು. ಬೆಂಗಳೂರಿನಲ್ಲಿ ರಾಜಾರಾಮನ್ನರು ಅನುಸರಿಸಿದ ಮಾರ್ಗ ಬೇರೆ. ಒಂದೇ ಮಹಾಯಂತ್ರಕ್ಕಾಗಿ ಕಾದು ಕೂಡದೆ, ಬೇರೆ ಬೇರೆ ಕೆಲಸಗಳಿಗೆ ತಕ್ಕ ಹಲವು ಯಂತ್ರಗಳನ್ನು ಜಾಲದಿಂದ ಜೋಡಿಸಿ, ಸಂಸ್ಥೆಯ ವಿಭಾಗಗಳಿಗೆಲ್ಲ ಅವುಗಳ ಬಳಕೆ ದೊರೆಯುವಂತೆ ಏರ್ಪಾಡು ಮಾಡಿದರು. ಪ್ರಧಾನಮಂತ್ರಿಗಳ ವಿಜ್ಞಾನ ಸಲಹಾ ಮಂಡಳಿಗಾಗಿ ಅವರ ನೇತೃತ್ವದಲ್ಲಿ ನಡೆದ ವಿಚಾರಣೆಯು ಸಮಾಂತರ ಗಣಕಗಳನ್ನು ದೇಶದಲ್ಲಿಯೇ ನಿರ್ಮಿಸಬೇಕೆಂದು ಸಲಹೆಯಿತ್ತಿತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪಿತವಾಗಿ, 1991ರಲ್ಲಿ ಪರಮ್ 8000 ಎಂಬ ಗಣಕ ಸಿದ್ಧವಾಯಿತು. ಸಮಾಂತರ ಗಣಕದ ತತ್ತ್ವ ಗಹನವಾದದ್ದೇನೂ ಅಲ್ಲ: ಒಬ್ಬ ಜಟ್ಟಿ ಎತ್ತಲಾರದ ಬಂಡೆಯನ್ನು ಹತ್ತು ಜನ ಕೂಡಿ ಉರುಳಿಸುವುದು. ಹತ್ತು ಜನರ ಕೈ ಒಂದಕ್ಕೊಂದು ಅಡ್ಡ ಬಾರದಂತೆ ಹೊಂದಿಸುವುದರಲ್ಲಿಯೇ ಕಷ್ಟವೆಲ್ಲ ಇರುವುದು.

ಅಲ್ಲಿಂದ ಮುಂದೆ 1994ರಿಂದ 2001ರ ವರೆಗೆ ಅವರು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮಾಹಿತಿ ತಂತ್ರವಿದ್ಯೆಯ ಪ್ರಾಧ್ಯಾಪಕರಾಗಿದ್ದರು. 1976ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ, 1998ರಲ್ಲಿ ಪದ್ಮಭೂಷಣ ಅವರಿಗೆ ಸಂದುವು. ಮಾನಸನ್ಮಾನಗಳ ಪಟ್ಟಿ ಇನ್ನೂ ಉದ್ದವಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಇತಿಹಾಸದ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತವಾದುದು 2012ರಲ್ಲಿ ಪ್ರಕಟವಾದ, 1955ರಿಂದ 2010ರ ವರೆಗಿನ ಭಾರತದ ಗಣಕಚರಿತ್ರೆಯನ್ನು ನಿರೂಪಿಸುವ ಅವರ ಕಿರುಗ್ರಂಥ. ತಾವೇ ಪಾತ್ರಧಾರಿಯಾಗಿದ್ದ ಕಥೆಯನ್ನು ಹೇಳುವಾಗಲೂ ಅದರಲ್ಲಿ ಅವರ ದೃಷ್ಟಿ ಸರ್ಕಾರದ ಧೋರಣೆ, ಆಮದಿನ ಸುಂಕ, ಶಿಕ್ಷಣದ ವ್ಯವಸ್ಥೆ ಇವುಗಳ ಮೇಲಿದೆ.

ಈ ಬಗೆಯ ಜೀವನ ನಮ್ಮಲ್ಲಿ ಮಾತ್ರ ಕಾಣುವುದಲ್ಲ. ಪರದೇಶದಲ್ಲಿ ಓದಿ, ಯಂತ್ರಗಳಿಲ್ಲದ ಸ್ವದೇಶಕ್ಕೆ ಹಿಂದಿರುಗಿ, ವಿಶ್ವವಿದ್ಯಾನಿಲಯದಲ್ಲಿ ವಿಭಾಗವೊಂದನ್ನು ಕಟ್ಟಿದವರು ಆಫ್ರಿಕಾ ಖಂಡದಲ್ಲಿಯೂ ಇದ್ದಾರೆ. ಘಾನಾ ದೇಶದ ನೀ ಕ್ವೇನರ್ ಅವರು ಅಮೆರಿಕದಲ್ಲಿ 1977ರಲ್ಲಿ ಗಣಕವಿಜ್ಞಾನದ ಡಾಕ್ಟರೇಟನ್ನು ಪಡೆದು, ಕೇಪ್ ಕೋಸ್ಟ್ ವಿಶ್ವವಿದ್ಯಾನಿಲಯದ ಗಣಕವಿಜ್ಞಾನ ವಿಭಾಗದ ಸ್ಥಾಪಕರಲ್ಲೊಬ್ಬರಾಗಿ 1979ರಿಂದ ಅಲ್ಲಿ ಪಾಠ ಹೇಳಿದರು. ಮುಂದೆ ಪಶ್ಚಿಮ ಆಫ್ರಿಕಾಕ್ಕೆ ಅಂತರ್ಜಾಲವನ್ನು ತಂದವರಲ್ಲಿ ಪ್ರಮುಖರಾಗಿ, 2007ರಲ್ಲಿ ಜಾನ್ ಪೋಸ್ಟಲ್ ಪ್ರಶಸ್ತಿಗೆ ಪಾತ್ರರಾದರು. ರಾಜಾರಾಮನ್ನರು ಎಲೆಕ್ಟ್ರಾನಿಕ್ಸ್ ಆಯೋಗವನ್ನು ಸೇರಿದ ವರ್ಷವೂ ಅದೇ 1979. ಇಬ್ಬರ ಕೆಲಸದಲ್ಲಿ ಒಂದು ಭೇದವಿದೆ. ಭಾರತದಲ್ಲಿ ಹೊಸ ಪದವಿಯೊಂದನ್ನು ದೇಶಕ್ಕೆಲ್ಲ ಹರಡಬಲ್ಲ ಸರ್ಕಾರದ ಯಂತ್ರಾಂಗವಿತ್ತು; ಆದುದರಿಂದ ರಾಜಾರಾಮನ್ನರು ಪಠ್ಯಕ್ರಮದ ಮೂಲಕ ಕೆಲಸಮಾಡಿದರು. ಕ್ವೇನರರು ವಿಶ್ವವಿದ್ಯಾನಿಲಯದ ಹೊರಗೆ ಬಂದು ಸಂಸ್ಥೆಯನ್ನೂ ಜಾಲವನ್ನೂ ತಾವೇ ಕಟ್ಟಬೇಕಾಯಿತು.

ಮತ್ತೊಂದು ಘಟನೆ ಇನ್ನೂ ಅರ್ಥವತ್ತಾದದ್ದು. 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಸ್ಥಾಪಿತವಾದ ಮದರಾಸಿನ ಭಾರತೀಯ ತಾಂತ್ರಿಕ ಸಂಸ್ಥೆ 2023ರಲ್ಲಿ ತಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪದಲ್ಲಿ ತನ್ನ ಶಾಖೆಯನ್ನು ತೆರೆಯಿತು. ಭಾರತದ ಹೊರಗೆ ಈ ಸಂಸ್ಥೆಗಳ ಮೊದಲ ಆವರಣ ಅದು. ಅದರ ಪ್ರಥಮ ನಿರ್ದೇಶಕಿಯಾಗಿ ನೇಮಕಗೊಂಡವರು ರಾಸಾಯನಿಕ ಇಂಜಿನಿಯರಿಂಗಿನ ಪ್ರಾಧ್ಯಾಪಕಿ ಪ್ರೀತಿ ಅಘಾಲಯಂ. ಇಂತಹ ಹೊಣೆಯನ್ನು ಹೊತ್ತ ಮೊದಲ ಮಹಿಳೆ ಅವರು. ಅಲ್ಲಿ ಮೊದಲು ತೆರೆದದ್ದು ದತ್ತಾಂಶವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಯ ತರಗತಿಗಳು, ಅಂದರೆ ಗಣಕವಿಜ್ಞಾನದ ಸಂತತಿಯೇ. ಅರುವತ್ತು ವರ್ಷಗಳ ಹಿಂದೆ ಅಮೆರಿಕನ್ನರು ಕಾನ್ಪುರಕ್ಕೆ ಮಾಡಿದ ಕೆಲಸವನ್ನು ಈಗ ಮದರಾಸಿನವರು ಜಾಂಜಿಬಾರಿಗೆ ಮಾಡುತ್ತಿದ್ದಾರೆ. ಕಾನ್ಪುರದ ಅನುಭವದಿಂದ ಒಂದು ಅಳತೆಗೋಲು ನಮಗೆ ದೊರೆಯುತ್ತದೆ: ನೆರವು ಸಾರ್ಥಕವಾಗುವುದು ಸಂದರ್ಶಕರು ಹಿಂದಿರುಗಿದ ಮೇಲೆ ಆ ನೆಲದವರೇ ಪಠ್ಯವನ್ನು ಬರೆದಾಗ. ಅಮೆರಿಕನ್ನರ ಕಾರ್ಯಕ್ರಮ ಮುಗಿಯುವುದಕ್ಕೆ ಮೂರು ವರ್ಷ ಮೊದಲೇ ಕಾನ್ಪುರದಲ್ಲಿ ಅಂತಹ ಪಠ್ಯ ಸಿದ್ಧವಾಗಿತ್ತು.

ಇನ್ನು ರಾಯಚೂರಿನ ಮಾತು. ಈ ಭಾಗದ ಹಿಂದುಳಿದಿರುವಿಕೆಯನ್ನು ಗಮನಿಸಿ ಸಂವಿಧಾನಕ್ಕೆ 371ಜೆ ವಿಧಿ ಸೇರಿದ ಮೇಲೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಸ್ಥಳೀಯರಿಗೆ ಮೀಸಲಾತಿ ದೊರೆತಿದೆ. 2019ರಲ್ಲಿ ರಾಯಚೂರಿಗೆ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮಂಜೂರಾಗಿ ಪ್ರಾರಂಭವಾಯಿತು. ಮೊದಲ ತರಗತಿಗಳು ನಡೆದದ್ದು ಅದಕ್ಕೆ ಪೋಷಕಸಂಸ್ಥೆಯಾಗಿದ್ದ ಹೈದರಾಬಾದಿನ ಐ.ಐ.ಟಿ. ಆವರಣದಲ್ಲಿ. ಉಸ್ಮಾನಿಯಾದ ಕಾಲದಲ್ಲಿ ಹೈದರಾಬಾದಿಗೆ ಹೋದ ದಾರಿ, ಉಪಗ್ರಹದ ಕಾಲದಲ್ಲಿ ಹೈದರಾಬಾದಿನಿಂದ ಬಂದ ದಾರಿ, ಮತ್ತೆ ಅದೇ ದಾರಿ. ಇದನ್ನು ಕುಂದೆಂದು ಹೇಳುವುದಲ್ಲ. ಕಾನ್ಪುರವೂ ಪರರ ತೊಡೆಯ ಮೇಲೆ ಬೆಳೆದ ಕೂಸೇ. ಆದರೆ ರಾಷ್ಟ್ರೀಯ ಸಂಸ್ಥೆಯೊಂದು ತಮ್ಮ ಜಿಲ್ಲೆಯಲ್ಲಿರುವುದಕ್ಕೂ ಆ ಜಿಲ್ಲೆಯ ವಿದ್ಯಾರ್ಥಿ ಅದರೊಳಗೆ ಇರುವುದಕ್ಕೂ ಅಂತರವಿದೆ. ಅದರ ಪ್ರವೇಶ ಅಖಿಲ ಭಾರತ ಪರೀಕ್ಷೆಯ ಮೂಲಕ. ಅರಕೇರಾದ ಅಥವಾ ಮಾನ್ವಿಯ ಕಡೆಯ ವಿದ್ಯಾರ್ಥಿನಿಗೆ ಈಗಲೂ ಹತ್ತಿರದಲ್ಲಿರುವುದು ಸಾಮಾನ್ಯ ಪದವಿ ಕಾಲೇಜಿನ ಗಣಿತದ ತರಗತಿ, ಅದರ ಬೆನ್ನಿಗೆ ಎಂ.ಸಿ.ಎ.ಯ ಆ ದಿಡ್ಡಿಬಾಗಿಲು.

ಆ ಬಾಗಿಲಿನಿಂದ ಹೋದವರ ಚರಿತ್ರೆಗೆ ಸಾಮಗ್ರಿಯಿರುವುದು ಕಾಲೇಜುಗಳ ಪ್ರವೇಶಪುಸ್ತಕಗಳಲ್ಲಿ, ಗ್ರಂಥಭಂಡಾರಗಳ ಎರವಲು ವಹಿಗಳಲ್ಲಿ, ಯೋಜನಾ ವರದಿಗಳ ಕಟ್ಟುಗಳಲ್ಲಿ. ಹೊಸ ವಹಿ ಬಂದಾಗ ಹಳೆಯದನ್ನು ರದ್ದಿಗೆ ಹಾಕುವ ರೂಢಿ ನಮ್ಮ ಕಚೇರಿಗಳಲ್ಲಿದೆ. ರಾಯಚೂರು, ದೇವದುರ್ಗ, ಮಾನ್ವಿಗಳ ಕಾಲೇಜುಗಳಲ್ಲಿರುವ ಇತಿಹಾಸದ ಅಧ್ಯಾಪಕರು ಈ ವರ್ಷವೇ ತಮ್ಮ ತಮ್ಮ ಕಚೇರಿಯ ಕಪಾಟುಗಳನ್ನು ಒಮ್ಮೆ ತೆಗೆಸಿ ನೋಡಿ, 1980ರಿಂದೀಚಿನ ವಹಿಗಳನ್ನು ಬೇರೆಯಾಗಿ ಎತ್ತಿಡಿಸಬೇಕೆಂದು ಪ್ರಾರ್ಥನೆ.